ಎಲೆ ಗುಡಿಸಬೇಡಿ, ಪ್ಲಾಸ್ಟಿಕ್ ಹೆಕ್ಕಿ

ಆರಿದ್ರಾ ಮಳೆ ಹಿಡಿದು ನಾಲ್ಕೈದು ದಿನ ಆಗಿತ್ತು. ಭಾನುವಾರ ಬೆಳಿಗ್ಗೆ ಸ್ವಲ್ಪ ಬಿಡುವು ಕೊಟ್ಟಿತು. ಹಿಂದಿನ ರಾತ್ರಿಯೇ ವಾಟ್ಸ್‌ಆ್ಯಪ್‌ನಲ್ಲಿ ಮಾತಾಗಿದ್ದರಿಂದ ಆರೂವರೆಗೆಲ್ಲ ವ್ಯಾಕ್ಸಿನ್ ಡಿಪೊದಲ್ಲಿ ಜನ ಸೇರಿದ್ದರು. ದಿನಾ ವಾಕಿಂಗ್ ಬರುವ ನಾವೊಂದಿಷ್ಟು ಜನ, ಕಾಲೇಜಿನ ಎನ್‌ಎಸ್‌ಎಸ್ ಹುಡುಗ ಹುಡುಗಿಯರು, ಯೋಗದ ಗುಂಪಿನ ಹೆಂಗಸರು, ಮತ್ತೆ ಮೊಮ್ಮಕ್ಕಳ ಕೈ ಹಿಡಿದುಕೊಂಡು ಬಂದ ಇಬ್ಬರು ಅಜ್ಜಂದಿರು.

ಬೆಳಗಾವಿಯವರಿಗೆ ಈ ಜಾಗದ ಪರಿಚಯ ಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಟಿಳಕವಾಡಿಯಲ್ಲಿ, ಸುತ್ತಲೂ ಮನೆ, ಅಂಗಡಿ, ರಸ್ತೆ ಇರುವ ಕಡೆ, ನಡುವೆ ಉಳಿದುಕೊಂಡಿರುವ ಕಾಡು ಇದು. ಪಾರ್ಕ್ ಅಲ್ಲ. ಸಾಲಾಗಿ ನೆಟ್ಟ ಹೂವಿನ ಗಿಡ ಇಲ್ಲ, ಕತ್ತರಿಸಿದ ಹುಲ್ಲು ಇಲ್ಲ. ಹಳೆಯ ಮಾವು, ನೇರಳೆ, ಆಲ, ನೀಲಗಿರಿ, ಅವುಗಳ ನಡುವೆ ನಡೆದು ನಡೆದು ಆದ ಮಣ್ಣಿನ ದಾರಿಗಳು. ಒಂದು ಕಡೆ ಬಯಲು, ಅಲ್ಲಿ ಕ್ರಿಕೆಟ್.

ಹೆಸರೇ ಹೇಳುವ ಹಾಗೆ ಬ್ರಿಟಿಷರ ಕಾಲದಲ್ಲಿ ಇಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿತ್ತು. ಆಗ ಲಸಿಕೆ ಬೆಳೆಸುತ್ತಿದ್ದದ್ದು ಕರುಗಳ ಮೈಮೇಲೆ. ಕರುವಿನ ಚರ್ಮ ಬೋಳಿಸಿ, ಗೀರಿ, ಅಲ್ಲಿ ಲಸಿಕೆಯ ಬೀಜ ಹಚ್ಚುತ್ತಿದ್ದರು. ಕೆಲವು ದಿನ ಬಿಟ್ಟು ಅಲ್ಲಿ ಎದ್ದ ಗುಳ್ಳೆಗಳಿಂದ ತೆಗೆದದ್ದನ್ನು ಗ್ಲಿಸರಿನ್‌ನಲ್ಲಿ ಬೆರೆಸಿ ಇಡುತ್ತಿದ್ದರು. ನಮ್ಮ ಹಿರಿಯರ ತೋಳಿನ ಮೇಲಿರುವ ದುಂಡನೆಯ ಕಲೆ ನೋಡಿದ್ದೀರಲ್ವಾ? ಅದು ಇಂಥ ಲಸಿಕೆಯದ್ದೇ. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತ ಅಂತಾಯಿತು. 1980ರಲ್ಲಿ ಇಡೀ ಜಗತ್ತೇ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ರೋಗವೇ ಇಲ್ಲವಾಯಿತು. ಅದರ ಲಸಿಕೆಗೆಂದು ಇಟ್ಟ ಜಾಗದಲ್ಲಿ ಮರಗಳು ಉಳಿದವು. ಊರು ಬೆಳೆದು ನಾಲ್ಕೂ ಕಡೆಯಿಂದ ಬಂದು ಸುತ್ತಿಕೊಂಡರೂ ಉಳಿದವು. ಇದನ್ನು ನೆನೆದಾಗಲೆಲ್ಲ ನನಗೆ ಈ ಊರಿನ ಬಗ್ಗೆ ಪ್ರೀತಿ ಜಾಸ್ತಿಯಾಗುತ್ತದೆ.

ಅವತ್ತಿನ ಕೆಲಸ ಎರಡೇ. ಪ್ಲಾಸ್ಟಿಕ್, ಬಾಟಲಿ ಹೆಕ್ಕುವುದು, ಕಾಂಗ್ರೆಸ್ ಕಸ (ಪಾರ್ಥೇನಿಯಂ ಕಳೆ) ಹೂ ಬಿಡುವ ಮೊದಲೇ ಕೀಳುವುದು. ಗೋಣಿಚೀಲ, ಕೈಗವಸು ಹಂಚಿ ಆಯಿತು. ಅಷ್ಟರಲ್ಲಿ ಒಬ್ಬ ಹಿರಿಯರು ಹೊಸ ಕಸಬರಿಗೆಗಳ ಒಂದು ಕಟ್ಟನ್ನೇ ತಂದು ಇಳಿಸಿದರು. ತಮ್ಮ ಖರ್ಚಿನಲ್ಲಿ ತಂದಿದ್ದರು. ಹುಡುಗರು ಒಂದೊಂದು ಎತ್ತಿಕೊಂಡು ಮಾವಿನ ಮರಗಳ ಕೆಳಗಿನ ಎಲೆಯನ್ನು ಗುಡಿಸಿ ಗುಡ್ಡೆ ಹಾಕಲು ಶುರು ಮಾಡಿಯೇ ಬಿಟ್ಟರು. ಒಣಗಿದ ಮೇಲೆ ಬೆಂಕಿ ಹಚ್ಚಿದರಾಯಿತು ಅನ್ನುವ ಮಾತೂ ಬಂತು.

ನಾನು ಹೋಗಿ ತಡೆದೆ. "ಕಾಕಾ, ಎಲಿ ಬ್ಯಾಡ್ರಿ. ಎಲಿ ಇರ್ಲಿ."

"ಎಲಿ ಹಂಗ ಬಿಟ್ಟ್ರ ಸ್ವಚ್ಛ ಹೆಂಗ ಆಗತೈತಿ?" ಅಂದರು ಅವರು. ಕೋಪವಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. "ಅಂಗಳದಾಗ ಇಷ್ಟ ಎಲಿ ಬಿದ್ರ ನಿಮ್ಮನ್ಯಾಗ ಬಿಡ್ತೀರೇನು? ಹಾವು ಬರ್ತಾವು. ಸಣ್ಣ ಹುಡುಗರು ಓಡಾಡ್ತಾವು ಇಲ್ಲಿ."

ಹಾವಿನ ಮಾತು ಬಂದ ಮೇಲೆ ಎಲ್ಲರೂ ಅವರ ಕಡೆಯೇ. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಆ ಹೆದರಿಕೆ ಇರುವುದು ತಪ್ಪೂ ಅಲ್ಲ. ಆಗ ಮುಂದೆ ಬಂದವರು ನಾವೆಲ್ಲ ಮಾವಶಿ ಅಂತ ಕರೆಯುವ ಒಬ್ಬ ಹೆಂಗಸು. ಖಾನಾಪುರ ಕಡೆಯವರು, ಬಹಳ ವರ್ಷ ನರ್ಸರಿಯಲ್ಲಿ ದಿನಗೂಲಿ ಮಾಡಿದವರು. ಈಗ ಮಗಳ ಮನೆಯಲ್ಲಿದ್ದಾರೆ, ಬೆಳಿಗ್ಗೆ ವಾಕಿಂಗ್‌ಗೆ ಬರುತ್ತಾರೆ.

"ಹಾವು ಎಲಿಗೆ ಬರಂಗಿಲ್ರಿ, ಇಲಿಗೆ ಬರತೈತಿ" ಅಂದರು ಮಾವಶಿ. "ನಿನ್ನಿ ಯಾರೋ ಬಿರ್ಯಾನಿ ತಿಂದು ಡಬ್ಬಿ ಒಗದ ಹೋಗ್ಯಾರ ನೋಡ್ರಿ ಅಲ್ಲಿ. ಅದನ್ನ ಮೊದಲ ತಗೀರಿ. ದಾರಿ ಮ್ಯಾಲಿನ ಎಲಿ ಬೇಕಾರ ಬದಿಗೆ ಸರಸ್ರಿ. ಒಳಗಿಂದು ಮುಟ್ಟಬ್ಯಾಡ್ರಿ."

ಇಷ್ಟು ಹೇಳಿ ಅವರು ಸುಮ್ಮನಾಗಲಿಲ್ಲ. ನೇರಳೆ ಮರದ ಕೆಳಗೆ ಹೋಗಿ ಕುಕ್ಕರಗಾಲಲ್ಲಿ ಕೂತರು. ನಾಲ್ಕು ಹುಡುಗಿಯರನ್ನು ಹತ್ತಿರ ಕರೆದು, ಒದ್ದೆ ಎಲೆಯನ್ನು ಒಂದೊಂದಾಗಿ ಎತ್ತಿ ತೋರಿಸತೊಡಗಿದರು. ನಾನೂ ಪಕ್ಕದಲ್ಲಿ ಕೂತೆ.

ಮೇಲಿನ ಎಲೆ ಇನ್ನೂ ಎಲೆಯ ಹಾಗೇ ಇತ್ತು, ಕಂದು ಬಣ್ಣ, ಗಟ್ಟಿ. ಅದರ ಕೆಳಗಿನದರಲ್ಲಿ ತೂತು ಬಿದ್ದಿತ್ತು, ನರಗಳ ಜಾಲರಿ ಮಾತ್ರ ಉಳಿದಿತ್ತು. ಅದಕ್ಕೂ ಕೆಳಗೆ ಎಲೆ ಯಾವುದು, ಮಣ್ಣು ಯಾವುದು ಗೊತ್ತಾಗುತ್ತಿರಲಿಲ್ಲ. ಕಪ್ಪಗೆ, ಮೆತ್ತಗೆ, ಬಿಳಿ ದಾರದಂಥ ಬೂಷ್ಟು ಹಬ್ಬಿತ್ತು. ಒಂದು ಎರೆಹುಳ ಬೆಳಕು ಬಿದ್ದ ಕೂಡಲೇ ಒಳಗೆ ಜಾರಿತು. ಆ ಕಪ್ಪು ಮಣ್ಣಿನಲ್ಲಿ ನೇರಳೆ ಬೀಜಗಳು ಮೊಳೆತಿದ್ದವು. ಒಂದೊಂದು ಬೀಜದಿಂದ ಎರಡು, ಮೂರು ಮೊಳಕೆ. ನೇರಳೆಯ ಸ್ವಭಾವವೇ ಅದು, ಒಂದೇ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಗಿಡ ಹುಟ್ಟುತ್ತವೆ. ಬೆರಳಿನ ಒಂದು ಗೆಣ್ಣಿನಷ್ಟು ಎತ್ತರ, ತುದಿಯಲ್ಲಿ ಎರಡು ಎಳೆ ಎಲೆ, ತಾಮ್ರದ ಬಣ್ಣ.

"ನೇರಳಿ ಬೀಜ ಒಣಗಿದ್ರ ಸತ್ತಂಗ" ಅಂದರು ಮಾವಶಿ. "ನರ್ಸರ‍್ಯಾಗ ಹಣ್ಣು ಬಂದ ಕೂಡ್ಲೇ ತೊಳದು ಪಾಕೀಟಿಗೆ ಹಾಕ್ತಿದ್ವಿ. ತಡಾ ಮಾಡಿದ್ರ ಹುಟ್ಟತಿರ್ಲಿಲ್ಲ. ಇಲ್ಲಿ ನೋಡ್ರಿ, ಎಲಿ ಹೊದಿಸಿ ಗಿಡಾನ ಮಾಡೇತಿ."

ಹೌದು, ನೇರಳೆ, ಹಲಸು, ಮಾವು, ಇವುಗಳ ಬೀಜವನ್ನು ಜೋಳ, ಕಡಲೆಯ ಹಾಗೆ ಒಣಗಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ತೇವ ಹೋದರೆ ಜೀವ ಹೋಯಿತು. ಮರದ ಕೆಳಗೆ ಗುಡಿಸಿ ನುಣ್ಣಗೆ ಮಾಡಿದ ಜಾಗದಲ್ಲಿ ಬಿದ್ದ ಬೀಜ ಎರಡು ಬಿಸಿಲಿಗೆ ಮುಗಿಯುತ್ತದೆ. ಈಗಿರುವ ಮರಗಳಿಗೆ ವಯಸ್ಸಾಗಿದೆ. ಪ್ರತಿ ಮಳೆಗಾಲ ಒಂದಲ್ಲ ಒಂದು ಮರ ಗಾಳಿಗೆ ಉರುಳುತ್ತದೆ. ಅದರ ಜಾಗಕ್ಕೆ ಬರಬೇಕಾದವು ಆ ತಾಮ್ರದ ಬಣ್ಣದ ಮೊಳಕೆಗಳು. ವರ್ಷವರ್ಷವೂ ಪ್ರೀತಿಯಿಂದ ಗುಡಿಸುತ್ತಾ ಹೋದರೆ ನಮ್ಮ ಕಣ್ಣೆದುರೇ ಈ ಕಾಡಿಗೆ ಮಕ್ಕಳಿಲ್ಲದ ಹಾಗೆ ಆಗುತ್ತದೆ.

ಹುಡುಗಿಯರು ಎದ್ದು ನಿಂತಾಗ ಕಾಲು ಎಲ್ಲಿಡಬೇಕು ಎಂದು ನೋಡಿಕೊಂಡು ನಡೆದರು. ಅವರಲ್ಲೊಬ್ಬಳು ಕಸಬರಿಗೆಯ ಕಡ್ಡಿಗಳನ್ನೇ ಮುರಿದು, ಮೊಳಕೆ ಗುಂಪಾಗಿರುವ ಕಡೆ ಸುತ್ತ ನೆಟ್ಟಳು. ಅದನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಕಾಕಾ ತಂದ ಕಸಬರಿಗೆಗಳು ಹೀಗೆ ಉಪಯೋಗಕ್ಕೆ ಬಂದವು. ಅವರೇ ಕೂತು ಕಡ್ಡಿ ಮುರಿದು ಕೊಟ್ಟರು.

ಬೆಂಕಿಯ ವಿಷಯ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಕಸವನ್ನು ಬಯಲಲ್ಲಿ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಇಡೀ ದೇಶದಲ್ಲಿ ನಿಷೇಧ ಹೇರಿದೆ. ಸುಟ್ಟವರಿಗೆ 5,000 ರೂಪಾಯಿ ದಂಡ, ದೊಡ್ಡ ಪ್ರಮಾಣದಲ್ಲಾದರೆ 25,000. ಆದರೂ ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆ ಉದುರುವ ಹೊತ್ತಿಗೆ ಊರಿನ ಎಲ್ಲ ಕಡೆ ಬೆಳಿಗ್ಗೆ ಹೊಗೆ. ಮರದ ಬುಡದಲ್ಲೇ ಗುಡ್ಡೆ ಹಾಕಿ ಸುಡುತ್ತಾರೆ. ತೊಗಟೆ ಬೆಂದು, ಆ ಬದಿಯಿಂದ ಹುಳ ಹತ್ತಿ, ಮೂರು ವರ್ಷದ ನಂತರ "ಮರ ಅಪಾಯದಲ್ಲಿದೆ, ಕಡಿಯಬೇಕು" ಅಂತ ಬರುತ್ತದೆ. ಹೀಗೆ ಹೋದ ಮರಗಳನ್ನು ನಾನು ನಮ್ಮ ಗಲ್ಲಿಯಲ್ಲೇ ನೋಡಿದ್ದೇನೆ.

ನೀರಿನ ಮಾತೂ ಇದೆ. ನಮ್ಮದು ಕೆಂಪು ಮಣ್ಣು. ಮಳೆ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿದುಬಿಡುತ್ತದೆ. ಬೋಳು ನೆಲದ ಮೇಲೆ ಬಿದ್ದ ನೀರು ಗಟ್ಟಿಯಾದ ಮಣ್ಣಿನ ಮೇಲೆ ಹರಿದು ಸೀದಾ ನಾಲೆಗೆ ಹೋಗುತ್ತದೆ. ಎಲೆ ಹೊದ್ದ ನೆಲ ಅದನ್ನು ತಡೆದು ನಿಧಾನಕ್ಕೆ ಒಳಗೆ ಬಿಟ್ಟುಕೊಳ್ಳುತ್ತದೆ. ಅವತ್ತು ಇದು ಕಣ್ಣಿಗೇ ಕಾಣುತ್ತಿತ್ತು. ಕ್ರಿಕೆಟ್ ಬಯಲಿನ ಅಂಚಿನಲ್ಲಿ ಕೆಂಪು ನೀರು ಹರಿದ ಗುರುತು, ಹತ್ತು ಹೆಜ್ಜೆ ಆಚೆ ಮರಗಳ ಕೆಳಗೆ ಅಂಥ ಒಂದು ಗೆರೆಯೂ ಇಲ್ಲ. ಟಿಳಕವಾಡಿಯಲ್ಲಿ ಹಳೆಯ ಬಾವಿಗಳಿವೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನಕ್ಕೆ ಬಂದವರಿಗೆ ನೀರಿಗೆಂದು ತೋಡಿದ ಪಂಪಾ ಸರೋವರ ಬಾವಿ ಈಗಲೂ ಇದೆ. ನಲ್ಲಿಗೆ ರಾಕಸಕೊಪ್ಪದ ನೀರು, ಹಿಡಕಲ್ ನೀರು ಬರುತ್ತದೆ ನಿಜ. ಬೇಸಿಗೆಯಲ್ಲಿ ಅದು ಬರುವ ದಿನಗಳ ಅಂತರ ಜಾಸ್ತಿಯಾದಾಗ ಬಾವಿ ಇರುವ ಮನೆಯವರ ನೆಮ್ಮದಿಯೇ ಬೇರೆ. ನೆಲಕ್ಕೆ ನೀರು ಇಳಿಯುವ ಇಂಥ ಜಾಗ ಊರಿನ ನಡುವೆ ಇನ್ನೆಷ್ಟು ಉಳಿದಿವೆ?

ಕಾಂಗ್ರೆಸ್ ಕಸದ ಕಡೆ ಹೋದಾಗ ಇನ್ನೊಂದು ಸಂತೋಷ. ಬಯಲಿನ ಅಂಚಿನಲ್ಲಿ ಅದು ಮೊಣಕಾಲೆತ್ತರ ಬೆಳೆದಿತ್ತು. ಬೇರು ಸಮೇತ ಕೀಳಬೇಕು, ಮಳೆ ಬಂದು ನೆಲ ಮೆತ್ತಗಿರುವಾಗಲೇ ಅದು ಸಾಧ್ಯ. ಒಬ್ಬ ಹುಡುಗ "ಸರ, ಇದಕ್ಕ ಹುಳ ಹತ್ತೇತ್ರಿ" ಅಂತ ಕೂಗಿದ. ನೋಡಿದರೆ ಎಲೆಯೆಲ್ಲ ತಿಂದು ಹೋಗಿ ದಂಟು ಮಾತ್ರ ಉಳಿದ ಗಿಡಗಳು. ಅವುಗಳ ಮೇಲೆ ಸಣ್ಣ ದುಂಡನೆಯ ಜೀರುಂಡೆಗಳು, ಕೆನೆ ಬಣ್ಣದ ಬೆನ್ನಿನ ಮೇಲೆ ಉದ್ದಕ್ಕೆ ಕಂದು ಗೆರೆ. ಮೆಕ್ಸಿಕೋದಿಂದ ತರಿಸಿ, ಈ ಕಸವನ್ನು ತಿನ್ನಲೆಂದೇ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೀರುಂಡೆ ಇದು. ಅಲ್ಲಿಂದ ಹಬ್ಬುತ್ತಾ ಎಲ್ಲೆಲ್ಲೋ ತಲುಪಿದೆ. ಒಣ ತಿಂಗಳುಗಳನ್ನು ಮಣ್ಣಿನೊಳಗೆ ಮಲಗಿ ಕಳೆದು, ಮಳೆ ಬಿದ್ದ ಮೇಲೆ ಎದ್ದು ಬರುತ್ತದೆ. ಹುಳ ಹತ್ತಿದ ಗಿಡಗಳನ್ನು ಬಿಟ್ಟು ಉಳಿದವನ್ನು ಕಿತ್ತೆವು. ನಾವು ಒಂದು ಬೆಳಿಗ್ಗೆ ಮಾಡುವ ಕೆಲಸವನ್ನು ಅವು ಮಳೆಗಾಲವಿಡೀ ಮಾಡುತ್ತವೆ, ಬಿಡಬೇಕಲ್ವಾ?

ಟೆಂಪೊದಲ್ಲಿ ಒಬ್ಬರು ಸಸಿಗಳನ್ನೂ ಕಳಿಸಿದ್ದರು. ಕಾಡಿನ ಒಳಗೆ ನೆಡಲು ಜಾಗವೂ ಇಲ್ಲ, ಬಿಸಿಲೂ ಇಲ್ಲ. ಹೊಸ ಬಡಾವಣೆಯ ರಸ್ತೆಗೆ ಅವು ಬೇಕಿದ್ದವು, ಅಲ್ಲಿಗೆ ಹೋದವು.

ಇನ್ನು ಕ್ರಿಕೆಟ್ ಹುಡುಗರು. ಅವರನ್ನು ಕಂಡರೆ ವಾಕಿಂಗ್‌ನವರಿಗೆ ಸಿಟ್ಟು, ವಾಕಿಂಗ್‌ನವರನ್ನು ಕಂಡರೆ ಅವರಿಗೆ ಬೇಜಾರು. ಅವತ್ತೂ ಹತ್ತಿಪ್ಪತ್ತು ಜನ ಬಂದು ಕೆಸರು ಆರಲೆಂದು ಕಾಯುತ್ತಾ ನಿಂತಿದ್ದರು. ನನ್ನ ಅಭಿಪ್ರಾಯ ಹೇಳುತ್ತೇನೆ: ಈ ಕಾಡು ಉಳಿದಿರುವುದರಲ್ಲಿ ಆಡುವ ಹುಡುಗರ ಪಾಲೂ ಇದೆ. ಯಾರೂ ಕಾಲಿಡದ ಜಾಗಕ್ಕೆ ಬೇಗ ಬೇಲಿ ಬೀಳುತ್ತದೆ. ಕೆಲವು ವರ್ಷಗಳ ಹಿಂದೆ ಇಲ್ಲಿ ಕಾಮಗಾರಿಗೆಂದು ಅಗೆಯಲು ಶುರುವಾದಾಗ ಊರಿನ ಜನ ಎದ್ದು ವಿರೋಧ ಮಾಡಿದರು. ಎಲ್ಲರಿಗೂ ಇದು "ನಮ್ಮ ಡಿಪೊ" ಆಗಿದ್ದರಿಂದಲೇ ಆ ದನಿ ಎದ್ದಿತು. ಕಾನೂನೂ ಜನರ ಕೈಯಲ್ಲಿ ಒಂದು ಹಿಡಿ ಕೊಟ್ಟಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕೆಲಸಕ್ಕೆಂದು 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮೊದಲು ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಆದರೆ ಆಕ್ಷೇಪಣೆ ಬರೆಯುವವರು ಇರಬೇಕು. ದಿನಾ ಬಂದು ಹೋಗುವವರೇ ಬರೆಯಬೇಕು.

ಹಾಗಾಗಿ ಮಾತಾಡಿದೆವು. ನಮ್ಮ ಕಡೆಯಿಂದ ಕೇಳಿದ್ದು ಎರಡು. ಬೈಕ್‌ಗಳನ್ನು ಗೇಟಿನ ಹತ್ತಿರವೇ ನಿಲ್ಲಿಸಬೇಕು, ಮರಗಳ ನಡುವೆ ಹೊಸ ದಾರಿ ಮಾಡಬಾರದು. ಬೈಕಿನ ಚಕ್ರ ಒಂದು ಮಳೆಗಾಲದಲ್ಲಿ ಮಾಡುವ ಕೊರಕಲು ನಡಿಗೆಯಿಂದ ಹತ್ತು ವರ್ಷಕ್ಕೂ ಆಗುವುದಿಲ್ಲ. ಅವರ ತಂಡದ ಹಿರಿಯ ಹುಡುಗ ಯೋಚಿಸಿ ಹೇಳಿದ: "ಗಾಡಿ ಹೊರಗ ಹಚ್ತೀವ್ರಿ ಕಾಕಾ. ಆದ್ರ ಬರ್ತ್‌ಡೇ ಮಾಡಾವ್ರಿಗೂ ನೀವ ಹೇಳ್ರಿ. ಕೇಕ್ ಡಬ್ಬಿ, ಫೋಮ್ ಬಾಟ್ಲಿ ನಮ್ಮ ಹೆಸರಿಗೆ ಬರ್ತಾವು."

ಅವನು ಹೇಳಿದ್ದು ಸರಿ. ಅವತ್ತು ತುಂಬಿದ ಗೋಣಿಚೀಲಗಳಲ್ಲಿ ಹೆಚ್ಚಿನವು ಇಂಥ ಪಾರ್ಟಿಗಳ ಕಸವೇ. ಬಿಯರ್ ಬಾಟಲಿಯ ಒಡೆದ ಗಾಜು ಬೇರೆ, ಅದನ್ನು ಹೆಕ್ಕುವಾಗ ಒಬ್ಬ ಹುಡುಗನ ಬೆರಳು ಕೊಯ್ದು ರಕ್ತ ಬಂತು. ಕೈಗವಸು ಹಾಕಿದ್ದರೂ ಕೊಯ್ದಿತ್ತು. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುವ ಅಜ್ಜಿಯರು ಇಲ್ಲಿಗೆ ಬರುತ್ತಾರೆ. ಬಾಟಲಿ ಒಡೆಯುವವರಿಗೆ ಇದು ಗೊತ್ತಿರಬೇಕು.

ಒಂಬತ್ತಕ್ಕೆಲ್ಲ ಮತ್ತೆ ಮೋಡ ಕವಿಯಿತು. ಯೋಗದ ಗುಂಪಿನವರು ದೊಡ್ಡ ಪಾತ್ರೆಯಲ್ಲಿ ಅವಲಕ್ಕಿ ತಂದಿದ್ದರು. ತಿನ್ನುವವರೇ ಮನೆಯಿಂದ ಸ್ಟೀಲ್ ತಾಟು ತರಬೇಕು ಅಂತ ಮೊದಲೇ ಹೇಳಿದ್ದರಿಂದ ಒಂದು ಪೇಪರ್ ಪ್ಲೇಟೂ ಉಳಿಯಲಿಲ್ಲ. ತಿನ್ನುತ್ತಾ ನಿಂತಾಗ ಹರಟೆಮಲ್ಲ ಹಕ್ಕಿಗಳ ಗುಂಪೊಂದು, ಹುಡುಗರು ಅರ್ಧಕ್ಕೆ ಬಿಟ್ಟ ಎಲೆಗುಡ್ಡೆಗೆ ಇಳಿದು, ಗದ್ದಲ ಮಾಡುತ್ತಾ ಎಲೆ ಎತ್ತೆತ್ತಿ ಹುಳ ಹೆಕ್ಕಿತು. ನೋಡನೋಡುತ್ತಾ ಆ ಗುಡ್ಡೆ ಅರ್ಧಕ್ಕೆ ಹರಡಿಹೋಯಿತು. ಮಿಕ್ಕಿದ್ದನ್ನು ಕಾಕಾ ಕೈಯಾರೆ ಮರದ ಕೆಳಗೆ ಹರಡಿದರು.

ದಾರಿ ಗುಡಿಸುವವರೊಂದಿಗೆ ಮಾತಾಡಿ, ಎಲೆಯನ್ನು ಸುಡದೆ ಅಲ್ಲೇ ಗುಂಡಿಗೆ ಹಾಕುವ ಏರ್ಪಾಡು ಮಾಡಬೇಕೆಂದು ತೀರ್ಮಾನವಾಗಿದೆ. ಎರಡು ಗುಂಡಿ ತೋಡಲು ಅನುಮತಿ ಕೇಳಿ ಅರ್ಜಿ ಬರೆದಿದ್ದೇವೆ, ಸಹಿ ಹಾಕುವವರು ಬೇಕು. ಕಾಂಗ್ರೆಸ್ ಕಸ ಇನ್ನೂ ಅರ್ಧ ಉಳಿದಿದೆ, ಹೂ ಬಿಟ್ಟರೆ ಒಂದೊಂದು ಗಿಡ ಸಾವಿರಾರು ಬೀಜ ಚೆಲ್ಲುತ್ತದೆ. ಬರುವ ಭಾನುವಾರವೂ ಆರೂವರೆಗೇ ಸೇರುತ್ತೇವೆ. ಬರುವವರು ಪೂರ್ತಿ ತೋಳಿನ ಅಂಗಿ ಹಾಕಿಕೊಂಡು ಬನ್ನಿ, ಅದರ ತುರಿಕೆ ಬಹಳ ಕೆಟ್ಟದ್ದು. ದಮ್ಮು (ಅಸ್ತಮಾ) ಇರುವವರು ಕೀಳುವ ಕೆಲಸಕ್ಕೆ ಬೇಡ, ಬಾಟಲಿ ಹೆಕ್ಕಲು ಬನ್ನಿ. ಕೈಗವಸು ನಮ್ಮ ಹತ್ತಿರ ಇವೆ. ತಾಟು ನೀವೇ ತನ್ನಿ.