ಓಮ್ನಿಯ ಕೂಗು ನಿಂತಿತು: 41 ಹಲ್ಲಿನ ಲೆಕ್ಕ

ನನ್ನ ಹಳೇ ಮಾರುತಿ ಓಮ್ನಿ ವ್ಯಾನಿನಲ್ಲಿ ಗಂಟೆಗೆ 55 ಕಿ.ಮೀ. ದಾಟಿದ ಕೂಡಲೇ ಕೊಂಯ್ ಅಂತ ಶುರುವಾಗುತ್ತಿದ್ದ ಸದ್ದು ಕೊನೆಗೂ ಹೋಯಿತು! ಕೈಯ ಗ್ರೀಸ್ ತೊಳೆದು ನೇರ ಬರೆಯಲು ಕೂತಿದ್ದೇನೆ. ಟಿಂಕರಿಂಗ್, ಪೇಂಟು, ಕಾರ್ಬುರೇಟರ್ ಎಲ್ಲ ಮುಗಿದ ಕೆಲಸ, ಅದನ್ನು ಬಿಡಿ. ಇವತ್ತು ಕ್ರೌನ್ ಪಿನಿಯನ್ ಒಂದೇ, ಅಂದರೆ ಹಿಂದಿನ ಆಕ್ಸಲ್‌ನಲ್ಲಿ ಚಕ್ರಗಳನ್ನು ತಿರುಗಿಸುವ ಗೇರ್ ಜೋಡಿ: ದೊಡ್ಡದು ಕ್ರೌನ್, ಅದನ್ನು ತಿರುಗಿಸುವ ಸಣ್ಣದು ಪಿನಿಯನ್.

ಓಮ್ನಿಯಲ್ಲಿ ಯಾವ ಸದ್ದು ಎಲ್ಲಿಂದ ಬರುತ್ತಿದೆ ಅಂತ ಹೇಳುವುದು ಕಷ್ಟ. ಇಂಜಿನ್ ಸೀಟಿನ ಕೆಳಗೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್ ಅನ್ನುವ ಉದ್ದ ತಿರುಗುವ ಕೊಳವೆ ಹಿಂದಿನ ಆಕ್ಸಲ್‌ಗೆ, ಮೇಲೆಲ್ಲ ಬರೀ ತಗಡು. "ಟೈರ್ ಸೌಂಡು ಸಾರ್, ಸುಮ್ನೆ ಓಡಿಸಿ" ಅಂದರು ಒಬ್ಬ ಮೆಕ್ಯಾನಿಕ್. ಇನ್ನೊಬ್ಬರು ಕಣ್ಣು ಮುಚ್ಚಿ ವ್ಹೀಲ್ ಬೇರಿಂಗ್ ಅಂದರು. ಟೈರ್ ಹಿಂದೆ ಮುಂದೆ ಬದಲಿಸಿದರೂ ಸದ್ದು ಬದಲಾಗಲಿಲ್ಲ. ಬೇರಿಂಗ್ ಆಗಿದ್ದರೆ ಖಾಲಿ ರಸ್ತೆಯಲ್ಲಿ ಗಾಡಿಯನ್ನು ಎಡಕ್ಕೆ ಬಲಕ್ಕೆ ವಾಲಿಸಿದಾಗ ಒಂದು ಕಡೆ ಜಾಸ್ತಿ ಆಗಬೇಕು. ಆಗಲಿಲ್ಲ. ನ್ಯೂಟ್ರಲ್ ಮಾಡಿದರೆ ಸದ್ದು ಸಣ್ಣದಾಯಿತು, ಆದರೆ ಸ್ವರ ಇಳಿದಿದ್ದು ಗಾಡಿಯ ವೇಗದ ಜೊತೆಗೆ. ಅಲ್ಲಿಗೆ ಇಂಜಿನ್ನೂ ಆಲ್ಟರ್ನೇಟರೂ ಪಟ್ಟಿಯಿಂದ ಹೋದವು. ಆಕ್ಸಿಲರೇಟರ್ ಒತ್ತಿದರೆ ಜೋರು, ಕಾಲು ತೆಗೆದರೆ ತಟ್ಟನೆ ಮೆತ್ತಗೆ. ಕ್ರೌನ್ ಪಿನಿಯನ್ ಕೂತಿರುವ ಹಿಂದಿನ ಹೌಸಿಂಗ್ ಮೇಲೆ ಅನುಮಾನ ಬಂದಿದ್ದು ಇಲ್ಲಿ.

ಆದರೆ ಬರೀ ಅನುಮಾನದ ಮೇಲೆ ಹೌಸಿಂಗ್ ಬಿಚ್ಚಲು ನನಗೆ ಮನಸ್ಸಿಲ್ಲ. ಸದ್ದಿನ ಸ್ವರವನ್ನೇ ಅಳೆಯೋಣ ಅನ್ನಿಸಿತು. ಬೆಂಗಳೂರಿನಲ್ಲಿ ಒಂದೇ ಸಮ 60ರಲ್ಲಿ ಹೋಗಲು ಜಾಗ ಎಲ್ಲಿದೆ? ಬೆಳಗಿನ ಜಾವ ನೈಸ್ ರೋಡಿಗೆ ಹೋದೆವು. ಭಾವ ಸ್ಟೀರಿಂಗ್ ಹಿಡಿದರು, ನಾನು ಫೋನಿನಲ್ಲಿ, ಸದ್ದಿನಲ್ಲಿರುವ ಸ್ವರಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್ ಆ್ಯಪ್ ಹಾಕಿಕೊಂಡು ಹಿಂದೆ ಕೂತೆ. "ಭಾವ, ಜಿಪಿಎಸ್‌ನಲ್ಲಿ 60 ಇರಲಿ, ಮೀಟರ್ ನೋಡಬೇಡಿ." ಪರದೆಯ ಮೇಲೆ 410 ಹರ್ಟ್ಸ್ (ಸೆಕೆಂಡಿಗೆ 410 ಕಂಪನ) ಹತ್ತಿರ ಒಂದು ಗೆರೆ ನೆಟ್ಟಗೆ ಎದ್ದು ನಿಂತಿತು. 80ಕ್ಕೆ ಅದೇ ಗೆರೆ 545ಕ್ಕೆ ಸರಿಯಿತು.

ಮನೆಗೆ ಬಂದು ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿದೆ. 1.67 ಮೀಟರ್. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 16.67 ಮೀಟರ್, ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು. 410ನ್ನು 10ರಿಂದ ಭಾಗಿಸಿ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಏನೋ ಒಂದು 41 ಸಲ ತಾಗುತ್ತಿದೆ. ಆಮೇಲೆ ಹೌಸಿಂಗ್ ಬಿಚ್ಚಿ ಕ್ರೌನ್ ಹಲ್ಲು ಎಣಿಸಿದೆ. 41! ಪಿನಿಯನ್‌ಗೆ 8. ಆ ಕ್ಷಣದ ಸಂತೋಷ ಹೇಳಲಾರೆ.

ಇದೇ ಉಪಾಯವನ್ನು ಮುಂದೆ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕಿನ ಮೇಲೂ ಮಾಡುವುದಿದೆ. ಮೈಸೂರಿನ ಐಡಿಯಲ್ ಜಾವಾದಲ್ಲಿ ಹುಟ್ಟಿದ ಗಾಡಿ, ಕಿಕ್ಕರೂ ಗೇರ್ ಲಿವರೂ ಒಂದೇ ಇರುವ ಆ ಚೆಂದದ ಏರ್ಪಾಡು. ಮೂರನೇ ಗೇರಿನಲ್ಲಿ ಗೊರಗುಟ್ಟುತ್ತದೆ. ಅದರ ಎಲ್ಲ ಗೇರಿನ ಹಲ್ಲುಗಳನ್ನು ಎಣಿಸಿ ಬರೆದಿಡುತ್ತಿದ್ದೇನೆ. ಇರಲಿ, ಓಮ್ನಿಗೆ ಬರುತ್ತೇನೆ.

ಹಲ್ಲು ಮುರಿದಿರಲಿಲ್ಲ, ಸವೆತವೂ ಜಾಸ್ತಿ ಇರಲಿಲ್ಲ. ಪಿನಿಯನ್ ಬೇರಿಂಗ್ ಮಾತ್ರ ಫಳಫಳ ಹೊಸದು, ಉಳಿದದ್ದೆಲ್ಲ ಹಳೇದು. ಹಿಂದಿನ ಓನರ್ ಕಾಲದಲ್ಲಿ ಯಾರೋ ಬೇರಿಂಗ್ ಬದಲಿಸಿ, ಅಳತೆ ನೋಡದೆ ಹಳೇ ಶಿಮ್ಮನ್ನೇ (ಪಿನಿಯನ್ ಕ್ರೌನ್‌ಗೆ ಎಷ್ಟು ಹತ್ತಿರ ಕೂರಬೇಕು ಅಂತ ಹೊಂದಿಸುವ ತೆಳು ಬಿಲ್ಲೆ) ವಾಪಸ್ ಹಾಕಿದ್ದಾರೆ. ಕ್ರೌನ್ ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆ ಅಂತ ತೋರಿಸುವ ನೀಲಿ ಬಣ್ಣ, ಇಂಜಿನಿಯರ್ಸ್ ಬ್ಲೂ, ತೆಳುವಾಗಿ ಸವರಿ, ಕೈಯಿಂದ ಕ್ರೌನನ್ನು ತಡೆಹಿಡಿದು ಪಿನಿಯನ್ ತಿರುಗಿಸಿದೆ. ನೀಲಿ ಅಳಿಸಿದ್ದು ಹಲ್ಲಿನ ತುದಿಯಲ್ಲಿ, ಉಗುರಿನ ಅಂಚಿನಷ್ಟು ಸಣ್ಣ ಪಟ್ಟಿ. ನಡುಭಾಗದ ಬಣ್ಣ ಹಾಗೇ ಇತ್ತು. ಪಿನಿಯನ್ ಕ್ರೌನ್‌ನಿಂದ ದೂರ ಕೂತಿದೆ, ಶಿಮ್ ದಪ್ಪ ಆಗಬೇಕು.

ಶಿಮ್ ಹುಡುಕಿ ಬಿಡಿಭಾಗದ ಅಂಗಡಿಗಳ ಜೆ.ಸಿ. ರೋಡ್ ಅಲೆದೆ. "ಶಿಮ್ ಬಿಡಿಯಾಗಿ ಬರಲ್ಲ ಸಾರ್, ಕ್ರೌನ್ ಪಿನಿಯನ್ ಸೆಟ್ಟೇ ತಗೊಳ್ಳಿ." ಹೊಸ ಸೆಟ್ ಹಾಕಿದರೂ ಶಿಮ್ ಹೊಂದಿಸಲೇಬೇಕಲ್ವಾ? ಈ ಪ್ರಶ್ನೆಗೆ ಯಾವ ಕೌಂಟರಿನಲ್ಲೂ ಉತ್ತರ ಇಲ್ಲ. ಒಂದು ಅಂಗಡಿಯಲ್ಲಂತೂ ಹೊಸ ಕ್ರಶ್ ಸ್ಲೀವ್ (ಪಿನಿಯನ್ ನಟ್ಟು ಬಿಗಿದಾಗ ಅದುಮಿಕೊಂಡು ಕುಗ್ಗುವ ತೋಳು) ಅಂತ ಪ್ಯಾಕೆಟ್ ಕೊಟ್ಟರು. ಒಡೆದು ನೋಡಿದರೆ ಹೊಟ್ಟೆ ಆಗಲೇ ಉಬ್ಬಿದೆ, ಉದ್ದ ಕಡಿಮೆ. ಒಮ್ಮೆ ಒತ್ತಿ ಬಳಸಿದ ಸ್ಲೀವನ್ನು ತೊಳೆದು ಪ್ಯಾಕ್ ಮಾಡಿ ಮಾರುವುದು ಶುದ್ಧ ಮೋಸ. ದಯವಿಟ್ಟು ಅಂಗಡಿಯಲ್ಲೇ ಪ್ಯಾಕೆಟ್ ತೆರೆದು ನೋಡಿ.

ಕೈ ಹಿಡಿದಿದ್ದು ಪೀಣ್ಯದ ಒಂದು ಸರ್ಫೇಸ್ ಗ್ರೈಂಡಿಂಗ್ ಶೆಡ್, ಲೋಹವನ್ನು ಉಜ್ಜಿ ಸಮತಟ್ಟು ಮಾಡುವ ಜಾಗ. ದಪ್ಪ ವಾಷರ್ ಕೊಟ್ಟು, ಬೇರೆ ಬೇರೆ ಅಳತೆಯ ಶಿಮ್ ಮಾಡಿಸಿಕೊಂಡೆ. ಸಣ್ಣ ಕೆಲಸ ಅಂತ ಮೂಗು ಮುರಿಯದೆ, ಪ್ರತಿಯೊಂದನ್ನೂ ಮೈಕ್ರೋಮೀಟರ್‌ನಲ್ಲಿ ತೋರಿಸಿ ಕೊಟ್ಟರು.

ಶಿಮ್ ಬದಲಿಸಿದಾಗಲೆಲ್ಲ ಬೇರಿಂಗ್ ಪ್ರೆಸ್ ಮಾಡಿ ಕೀಳಬೇಕಲ್ಲ, ಅದಕ್ಕೆ ಒಂದು ದಾರಿ ಇದೆ. ಕಿತ್ತ ಬೇರಿಂಗಿನ ಒಳಮೈಯನ್ನು ಎಮೆರಿಯಲ್ಲಿ ಉಜ್ಜಿ ಸಡಿಲ ಮಾಡಿ, ಟ್ರಯಲ್‌ಗೆ ಅದನ್ನೇ ಬಳಸಿ. ಕೊನೆಗೆ ಹಾಕುವ ಹೊಸದಕ್ಕೂ ಇದಕ್ಕೂ ಎತ್ತರ ಒಂದೇ ಇದೆಯಾ ಅಂತ ಮಾತ್ರ ಅಳೆದುಕೊಳ್ಳಿ. 0.15 ಮಿ.ಮೀ. ದಪ್ಪ ಜಾಸ್ತಿ ಆದಾಗ ನೀಲಿಯ ಗುರುತು ಇಳಿದು ಹಲ್ಲಿನ ನಡುವೆ ಬಂತು. ಡಯಲ್ ಗೇಜ್‌ನಲ್ಲಿ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, 0.13 ಮಿ.ಮೀ.ಗೆ ನಿಲ್ಲಿಸಿದೆ. ಪಿನಿಯನ್ ನಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿದು, ಫ್ಲೇಂಜಿಗೆ ದಾರ ಸುತ್ತಿ, ಸ್ಪ್ರಿಂಗ್ ತಕ್ಕಡಿಯಲ್ಲಿ ಎಳೆದು ಪ್ರೀಲೋಡ್, ಅಂದರೆ ಬೇರಿಂಗಿನ ಬಿಗಿತ, ನೋಡಿದೆ. ಇಲ್ಲಿ ಅವಸರ ಬೇಡ. ಜಾಸ್ತಿ ಬಿಗಿದರೆ ಹಿಂದಕ್ಕೆ ಸಡಿಲಿಸಿ ಉಪಯೋಗವಿಲ್ಲ, ಸ್ಲೀವ್ ಹೊಸದೇ ಬೇಕು. ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಗೇರ್ ಆಯಿಲ್ ತುಂಬಿ ಮತ್ತೆ ನೈಸ್ ರೋಡಿಗೆ ಹೊರಟೆವು.

60ರಲ್ಲಿ 410ರ ಗೆರೆ ಟೈರ್ ಸದ್ದಿನೊಳಗೆ ಮುಳುಗಿಹೋಗಿದೆ. ಭಾವ ಮಾಮೂಲಿ ದನಿಯಲ್ಲಿ ಮಾತಾಡಿದ್ದು ಹಿಂದೆ ಕೂತ ನನಗೆ ಕೇಳಿಸಿತು. 80ರಲ್ಲಿ ಕಾಲು ತೆಗೆದಾಗ ಮಾತ್ರ ಇನ್ನೂ ಸಣ್ಣಗೆ ಒಂದು ಎಳೆ ಉಳಿದಿದೆ. ಹಲ್ಲಿನ ಹಿಂಬದಿ ಇಷ್ಟು ದಿನ ಓರೆಯಾಗಿ ಉಜ್ಜಿಕೊಂಡಿದ್ದರ ಗುರುತು ಇರಬೇಕು. 500 ಕಿ.ಮೀ. ಆದಮೇಲೆ ಆಯಿಲ್ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ, ಪುಡಿ ಎಷ್ಟು ಅಂಟುತ್ತದೆ ನೋಡಿ, ಮುಂದಿನದು ಅಲ್ಲಿಂದ ಬರೆಯುತ್ತೇನೆ.