ಕೋಟೆಗೆ ಹೋಗಿ ಹುಲಿ ನೋಡದೆ ಬಂದೆ

ಹೆಗ್ಗಡದೇವನಕೋಟೆ ಕಡೆ ಹೋಗುವವರೆಲ್ಲ ಕಬಿನಿ ಹಿನ್ನೀರು, ಹುಲಿ, ಆನೆ ಅನ್ನುತ್ತಾರೆ. ನನಗೆ ಸಫಾರಿಯೇ ಸಿಗಲಿಲ್ಲ. ಸೀಟು ಬುಕ್ ಮಾಡಿದ್ದೇನೆ ಅಂತ ಹೋಂಸ್ಟೇಯವನು ಮುಂಗಡ ಹಾಕಿಸಿಕೊಂಡಿದ್ದ, ಕೌಂಟರಿಗೆ ಹೋದರೆ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ! ರಸೀದಿ ಫೋನಿಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

ಸಿಟ್ಟಿನಲ್ಲೇ ಅಂತರಸಂತೆ ಆಚೆ ಒಂದು ಟೀ ಅಂಗಡಿಯಲ್ಲಿ ಕೂತೆ. ಟೀ ಬರೀ ಸಕ್ಕರೆ ಪಾಕ. ಪಕ್ಕದಲ್ಲಿ ಹಾಡಿಯ ಜೇನು ಕುರುಬ ಹಿರಿಯರೊಬ್ಬರು, ಜೊತೆಗೆ ಪಿಯುಸಿ ಓದುವ ಮೊಮ್ಮಗಳು. ರಸ್ತೆ ಬದಿ ಲಂಟಾನ ಅನ್ನುವ ಕಳೆ ಪೊದೆ ಹೂ ಬಿಟ್ಟಿತ್ತು. ಚೆನ್ನಾಗಿದೆ ಅಲ್ವಾ ಅಂದೆ, ಸುಮ್ನೆ ಮಾತಿಗೆ.

"ಏನ್ ಚೆನ್ನಾಗಿದೆ? ಇದು ಬಂದು ಹುಲ್ಲು ಹೋಯ್ತು. ಹುಲ್ಲು ಹೋಗಿದ್ಕೆ ಆನೆ ಗದ್ದೆಗೆ ಬಂತು" ಅಂದರು ಅಜ್ಜ.

ತಮ್ಮವರನ್ನು ಕಾಡಿನಿಂದ ಎಬ್ಬಿಸುವ ಮುಂಚೆ, ಬಿಸಿಲು ಬಲಿಯುವುದರೊಳಗೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ ತರಗಿಗೆ ಬೆಂಕಿ ಕೊಡುತ್ತಿದ್ದರಂತೆ. ಮೊಣಕಾಲು ಮೀರದ ಬೆಂಕಿ. ತರಗು ಸುಟ್ಟು ಮರ ಉಳಿಯುತ್ತಿತ್ತು, ಮಳೆ ಬಿದ್ದರೆ ಹುಲ್ಲು ಚಿಗುರುತ್ತಿತ್ತು.

ಇದನ್ನು ನಾನು ಮುಂಚೆ ಒಂದು ಇಂಗ್ಲಿಷ್ ಲೇಖನದಲ್ಲಿ ಓದಿದ್ದೆ! ಬಿಳಿಗಿರಿರಂಗನ ಬೆಟ್ಟದ ಕಾಡಿನ ಬುಡಕಟ್ಟಿನವರಾದ ಸೋಲಿಗರ ಮಾತೂ ಇದೇ. ಅಲ್ಲಿ ಏಟ್ರೀ (ATREE) ಅನ್ನುವ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯವರು ಸೋಲಿಗರ ಜೊತೆ ಸೇರಿ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕಾಡಿನಲ್ಲಿ ಗುರುತು ಹಾಕಿಕೊಂಡ ಜಾಗಗಳಲ್ಲಿ 1997ರಲ್ಲಿ ಶೇ 41ರಷ್ಟರಲ್ಲಿ ಲಂಟಾನ ಇತ್ತು, 2008ಕ್ಕೆ ಶೇ 81ರಷ್ಟರಲ್ಲಿ. 1974ರಲ್ಲಿ ಅಭಯಾರಣ್ಯವಾಗಿ ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣ ಅನ್ನುತ್ತಾರೆ ಸೋಲಿಗರು. ನೆಲ್ಲಿ ಮರದ ಮೇಲೆ ಉಪ್ಪಿಲು ಅನ್ನುವ ಬಂದಳಿಕೆ ಜಾಸ್ತಿಯಾದದ್ದೂ ಅದರಿಂದಲೇ ಅಂತ.

ಇದನ್ನೆಲ್ಲ ಹೇಳಿ, ಹಾಗಾದರೆ ಈಗಲೂ ಬೆಂಕಿ ಹಾಕಬಹುದಲ್ಲ ಅಂದೆ. ಅಜ್ಜ ನಕ್ಕರು.

"ಈಗ ಹಾಕಿದ್ರೆ ಲಂಟಾನ ಹಿಡ್ಕೊಂಡು ಮರದ ತುದಿಗೇ ಏರುತ್ತೆ. ಕೊಚ್ಚಿದ್ರೆ ಮತ್ತೆ ಚಿಗುರುತ್ತೆ. ಮೊದ್ಲು ಬುಡ ಸಮೇತ ಕೀಳ್ಬೇಕು, ಬೆಂಕಿ ಆಮೇಲೆ."

ಎಷ್ಟು ವರ್ಷ ಬೇಕಾದೀತು ಅಂತ ಕೇಳಿದೆ. "ಕೆಲಸಕ್ಕೆ ನಮ್ಮೋರನ್ನ ಕರೀತಾರಾ, ಅದನ್ನ ಹೇಳಿ ಮೊದ್ಲು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಟೀ ಹೇಳಿದೆ, ಸಕ್ಕರೆ ಕಡಿಮೆ ಅಂತ ಒತ್ತಿ ಹೇಳಿದೆ, ಅದೂ ಪಾಕವೇ ಬಂತು.

ಮೊಮ್ಮಗಳು ಆ ಲೇಖನ ನನಗೂ ಕಳಿಸಿ ಅಂದಳು. ಕಳಿಸಿದೆ. ಫೋನಿನಲ್ಲಿ ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿ ಕೇಳಿದಳು, "ಸೋಲಿಗರು ಇಂಗ್ಲಿಷ್‌ನಲ್ಲಿ ಹೇಳಿರಲ್ಲ ಅಲ್ವಾ ಸಾರ್? ಅವರು ಹೇಳಿದ್ದನ್ನ ಹೇಳಿದ ಹಾಗೇ ಎಲ್ಲಿ ಬರೆದಿದ್ದಾರೆ?"