ಜಾಸ್ತಿ ತಿನ್ಲಿಕ್ಕೆ ಶುರು ಮಾಡಿದ್ಮೇಲೆ ಹೊಟ್ಟೆ ಉಬ್ಬಿದ ಕಥೆ

ಜುಲೈ ಮೊದಲನೇ ವಾರದಿಂದ ನಾನು ಜಾಸ್ತಿ ತಿನ್ತಾ ಇದ್ದೇನೆ, ಡಾಕ್ಟರ್ ಹೇಳಿದ್ದಕ್ಕೆ. ನಾಲ್ಕು ತಿಂಗಳು ಮುಟ್ಟು ನಿಂತಿತ್ತು, ಸ್ಕ್ಯಾನ್, ಥೈರಾಯ್ಡ್ ಎಲ್ಲ ಮಾಡಿಸಿ ಏನೂ ಸಿಗ್ಲಿಲ್ಲ, ಕೊನೆಗೆ ಅವರು ದಿನಕ್ಕೆ ಎಷ್ಟು ಓಡ್ತೀರಿ, ಎಷ್ಟು ತಿನ್ತೀರಿ ಅಂತ ಕೇಳಿದ್ರು. ವಾರದಲ್ಲಿ ಐದು ದಿನ ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಓಟ, ಎರಡು ದಿನ ಜಿಮ್ಮು, ರಾತ್ರಿಗೆ ಒಂದು ಸೌತೆಕಾಯಿ ಮತ್ತೆ ಒಂದು ಲೋಟ ಮಜ್ಜಿಗೆ. ನಾನಾಗ ಅದನ್ನೇ ಫಿಟ್ ಆಗಿರುದು ಅಂದ್ಕೊಂಡಿದ್ದೆ. ಖರ್ಚಿಗೆ ತಕ್ಕ ಊಟ ಸಿಗದಿದ್ರೆ ಮೈ ಮುಟ್ಟು ನಿಲ್ಲಿಸಿ ಉಳಿತಾಯ ಮಾಡ್ತದಂತೆ, ಹಾಗೇ ಬಿಟ್ರೆ ಮೂಳೆಗೂ ಪೆಟ್ಟು. ಇಂಟರ್‌ನ್ಯಾಶನಲ್ ಒಲಿಂಪಿಕ್ ಕಮಿಟಿ 2014ರಲ್ಲೇ ಇದಕ್ಕೆ ರೆಡ್-ಎಸ್ (ಅಂದ್ರೆ ವ್ಯಾಯಾಮಕ್ಕೆ ತಕ್ಕಷ್ಟು ಶಕ್ತಿ ಮೈಗೆ ಸಿಗದಿರುದು) ಅಂತ ಹೆಸರು ಕೊಟ್ಟಿದೆ, ಗಂಡು ಹುಡುಗರಿಗೂ ಆಗ್ತದೆ. ಮೂರು ತಿಂಗಳು ಮುಟ್ಟಾಗದಿದ್ರೆ ದಯವಿಟ್ಟು ಡಾಕ್ಟರ್ ಹತ್ರ ಹೋಗಿ, ನಾನು ಸುಮ್ನೆ ಒಂದು ತಿಂಗಳು ಜಾಸ್ತಿ ಕಾದೆ.

ಆದ್ರೆ ತಿನ್ಲಿಕ್ಕೆ ಶುರು ಮಾಡಿದ ಮೇಲೆ ಎಂತ ಆಗ್ತದೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ, ಅದನ್ನೇ ಬರೀಲಿಕ್ಕೆ ಕೂತದ್ದು.

ಒಂಬತ್ತು ದಿನದಲ್ಲಿ 2.4 ಕೆಜಿ ಏರ್ತು. ಬೆಳಿಗ್ಗೆ ಹೊಟ್ಟೆ ಸರಿ ಇರ್ತಿತ್ತು, ಸಂಜೆ ಆಫೀಸಿಂದ ಬರುವಾಗ ಪ್ಯಾಂಟಿನ ಹುಕ್ ಬಿಚ್ಚದೆ ಸ್ಕೂಟರಿನಲ್ಲಿ ಕೂರ್ಲಿಕ್ಕೆ ಆಗ್ತಿರ್ಲಿಲ್ಲ, ಹೊಟ್ಟೆ ಮುಟ್ಟಿದ್ರೆ ತಮಟೆ ಹಾಗೆ ಬಿಗಿ. ಹತ್ತನೇ ದಿನ ರಾತ್ರಿ ಅತ್ತು ಊಟ ಬಿಟ್ಟು ಮಲಗಿದೆ. ಮರುದಿನ ಪೇಪರ್ ಪೆನ್ ಹಿಡ್ಕೊಂಡು ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ, ಅಂದ್ರೆ 2.4 ಕೆಜಿಗೆ 18,000ಕ್ಕಿಂತ ಮೇಲೆ ಬೇಕು, ನಾನು ಹೆಚ್ಚಿಗೆ ತಿಂದದ್ದು ದಿನಕ್ಕೆ 500, ಒಂಬತ್ತು ದಿನಕ್ಕೆ 4,500. ಉಳಿದದ್ದು ಎಲ್ಲಿಂದ ಬಂತು? ನೀರು. ಅನ್ನ ತಿಂದ್ರೆ ಅದು ಸ್ನಾಯುವಿನಲ್ಲಿ, ಲಿವರಿನಲ್ಲಿ ಗ್ಲೈಕೋಜನ್ ಆಗಿ ಕೂರ್ತದೆ, ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡ್ಕೊಳ್ತದೆ, ಆ ಉಗ್ರಾಣ ತುಂಬಿದ್ರೇ ಒಂದೂವರೆ ಎರಡು ಕೆಜಿ ತೂಗ್ತದೆ. ತಿಂಗಳುಗಟ್ಟಲೆ ಖಾಲಿ ಇದ್ದದ್ದು ತುಂಬ್ತಾ ಉಂಟು ಅಂತ ಗೊತ್ತಾದ್ಮೇಲೆ ತೂಕದ ಮೆಷಿನನ್ನು ಅಟ್ಟಕ್ಕೆ ಹಾಕಿದೆ.

ಗ್ಯಾಸಿನ ವಿಷಯ ಬೇರೆ. ನಾನು ಶುರು ಮಾಡಿದ್ದು ಜುಲೈಯಲ್ಲಿ ಅಲ್ವಾ, ನಮ್ಮ ಕಡೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ, ನಾಡದೋಣಿಯವರು ತಂದ ಮೀನಿಗೆ ಮುಟ್ಲಿಕ್ಕಾಗದ ರೇಟು. ಹಾಗಾಗಿ ಪ್ರೋಟೀನಿಗೆ ಅಂತ ಕಡ್ಲೆ ಗಸಿ, ಅಲಸಂಡೆ, ಮಳೆಗಾಲಕ್ಕೆ ಅಮ್ಮ ತೆಗೆದಿಟ್ಟ ಹಲಸಿನ ಬೀಜ, ಇದೆಲ್ಲ ಒಂದೇ ವಾರದಲ್ಲಿ ದೊಡ್ಡ ದೊಡ್ಡ ಬಟ್ಟಲಲ್ಲಿ ತಿಂದೆ. ಕಾಳಿನಲ್ಲಿ ರಾಫಿನೋಸ್ ಅಂತ ಒಂದು ಸಕ್ಕರೆ ಉಂಟು, ಅದನ್ನು ಸಣ್ಣ ಕರುಳು ಜೀರ್ಣ ಮಾಡುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹುಳಿ ಬರಿಸುವಾಗ ಗ್ಯಾಸ್ ಹುಟ್ತದೆ. ಅದರ ಮೇಲೆ ಬಹಳ ದಿನ ಕಡಿಮೆ ತಿಂದವರ ಹೊಟ್ಟೆ ಖಾಲಿಯಾಗುದೂ ನಿಧಾನ, ಒಂದು ಊಟ ಇಳಿಯುವ ಮೊದಲೇ ಇನ್ನೊಂದು ಬೀಳ್ತದೆ. ರಾತ್ರಿ ಗಂಜಿಗೆ ಎರಡೆರಡು ಸಲ ಮಿಡಿ ಉಪ್ಪಿನಕಾಯಿ ಹಾಕ್ಕೊಂಡ ದಿನ ಮರುದಿನ ಬೆಳಿಗ್ಗೆ ಉಂಗುರ ಬೆರಳಿಂದ ಬರ್ತಿರ್ಲಿಲ್ಲ, ಅದು ಉಪ್ಪು ಹಿಡಿದಿಟ್ಟ ನೀರು.

ನಾಗರಪಂಚಮಿಗೆ ಮೂಲಸ್ಥಾನದ ನಾಗಬನಕ್ಕೆ ಹೋದಾಗ ಬ್ಲೌಸಿನ ಕೊನೆಯ ಎರಡು ಹುಕ್ ಹಾಕ್ಲಿಕ್ಕೇ ಆಗ್ಲಿಲ್ಲ. ದೊಡ್ಡಮ್ಮ ಎಲ್ಲರ ಎದುರು "ಎಂತ ಹೊಟ್ಟೆ ಬಂದಿದೆ, ವಿಶೇಷ ಉಂಟಾ?" ಅಂತ ಕೇಳಿದ್ರು. ಮದುವೆಯಾಗಿ ಮೂರು ವರ್ಷ ಆಯ್ತು, ನಾಲ್ಕು ತಿಂಗಳು ಮುಟ್ಟೇ ಇರ್ಲಿಲ್ಲ, ಆ ಪ್ರಶ್ನೆ ನಂಗೆ ಎಲ್ಲಿ ನಾಟಿತು ಅಂತ ಅವರಿಗೆ ಗೊತ್ತಿಲ್ಲ. ಯಾರ ಹೊಟ್ಟೆ ನೋಡಿಯೂ ಈ ಪ್ರಶ್ನೆ ಕೇಳ್ಬೇಡಿ, ಯಾರನ್ನೂ. ಅಮ್ಮ ಮಾತ್ರ ಪಕ್ಕದಲ್ಲಿ ಕೂತು "ನೀನು ತಿನ್ನು ಮಗಾ" ಅಂತ ನನ್ನ ಎಲೆಗೆ ಇನ್ನೊಂದು ಅರಶಿನ ಎಲೆ ಕಡುಬು ಹಾಕಿದ್ರು.

ಊಟ ಕಡಿಮೆ ಮಾಡದೆ ತಿನ್ನುವ ರೀತಿ ಬದಲಾಯಿಸಿದೆ. ಮೂರು ದೊಡ್ಡ ಊಟದ ಬದ್ಲು ಐದು ಸಣ್ಣದು. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ ಬೇರೆ ನೀರಲ್ಲಿ ಬೇಯಿಸುದು, ಒಗ್ಗರಣೆಗೆ ಇಂಗು, ಮೊದಲ ವಾರ ಬರೀ ಕಾಲು ಬಟ್ಟಲು, ಆಮೇಲೆ ನಿಧಾನಕ್ಕೆ ಏರಿಸುದು. ಹಸಿ ತರಕಾರಿ ಸ್ವಲ್ಪ ದಿನ ಬಿಟ್ಟೆ, ಅದು ಹೊಟ್ಟೆ ತುಂಬಿಸ್ತದೆ, ಶಕ್ತಿ ಕೊಡುದಿಲ್ಲ, ಅದರ ಬದ್ಲು ಕುಚ್ಚಲಕ್ಕಿ ಅನ್ನ, ಮೊಟ್ಟೆ, ಬಾಳೆಹಣ್ಣು. ರಾತ್ರಿ ಉಂಡ ಮೇಲೆ ಕೊಡೆ ಹಿಡ್ಕೊಂಡು ಹದಿನೈದು ನಿಮಿಷ ಗೇಟಿನ ಹೊರಗೆ ನಡಿಗೆ, ಇದರಷ್ಟು ಬೇರೆ ಯಾವುದೂ ಉಪಕಾರ ಮಾಡ್ಲಿಲ್ಲ. ಓಟವನ್ನು ಡಾಕ್ಟರ್ ಮೂರು ದಿನಕ್ಕೆ ಇಳಿಸಿದ್ರು. ಹೊಟ್ಟೆನೋವು ಜೋರಿದ್ರೆ, ಮಲದಲ್ಲಿ ರಕ್ತ ಕಂಡ್ರೆ, ವಾರಗಟ್ಟಲೆ ಉಬ್ಬರ ಇಳಿಯದಿದ್ರೆ ಇದನ್ನೆಲ್ಲ ಮಾಡ್ತಾ ಕೂರ್ಬೇಡಿ, ತೋರಿಸಿ.

ಆಗಸ್ಟಿನಲ್ಲಿ ಬೋಟುಗಳು ಕಡಲಿಗೆ ಇಳಿದ್ವು, ಮಲ್ಪೆಯಿಂದ ಬಂಗುಡೆ ಬಂತು, ಪುಳಿಮುಂಚಿ ಜೊತೆ ಅನ್ನ ಉಂಡ್ರೆ ಸಂಜೆಯ ಬಿಗಿತ ಅರ್ಧಕ್ಕರ್ಧ ಇಲ್ಲ. ಆರನೇ ವಾರಕ್ಕೆ ಉಬ್ಬರ ಹೆಚ್ಚುಕಡಿಮೆ ಹೋಗಿತ್ತು. ತೊಡೆ ದಪ್ಪ ಆಗಿದೆ, ಜಿಮ್ಮಿನಲ್ಲಿ ಎತ್ತುವ ಭಾರವೂ ಜಾಸ್ತಿ ಆಗಿದೆ, ಬಾಚುವಾಗ ಕೂದಲು ಮೊದಲಿನ ಹಾಗೆ ಕೈಗೆ ಬರುದಿಲ್ಲ.

ಚೌತಿಗೆ ಅದೇ ಬ್ಲೌಸ್ ತೆಗೆದೆ. ಕೆಳಗಿನ ಎರಡು ಹುಕ್ ಸಲೀಸಾಗಿ ಬಿತ್ತು, ಆದ್ರೆ ತೋಳು ಏರ್ಲಿಲ್ಲ. ಟೈಲರ್ ಅಕ್ಕ ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿದ್ರು, ಹೊಲಿಗೆ ಬಿಚ್ಚಿ ಕೊಟ್ರು. ಅದರ ಮರುವಾರ ಮುಟ್ಟಾಯ್ತು.